ಪೆನ್ಷನ್ ಮಾತಿಗೆ ಅಪ್ಪನ ಉತ್ತರ

ಪುಟ್ಟಿ,

ಯುಗಾದಿ ಮಾರನೇ ದಿನ ತಿಂಡಿಯನ್ನೂ ತಿನ್ನದೆ ಮೊದಲ ಬಸ್ಸಿಗೇ ಹೊರಟುಬಿಟ್ಟೆ. ಫೋನೂ ಎತ್ತುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಯಾರು ಏನಂದರು ಅನ್ನೋದು ಇಬ್ಬರಿಗೂ ನೆನಪಿದೆ, ಬಿಡು. ತೆರಿಗೆ ಅಂದರೆ ಕಳ್ಳತನ, ನಿಮ್ಮ ಪೆನ್ಷನ್ನೂ ಕಿತ್ತುಕೊಂಡ ದುಡ್ಡೇ ಅಂದೆಯಲ್ಲ, ಅದು ಮಾತ್ರ ಇನ್ನೂ ಚುಚ್ಚುತ್ತಿದೆ. ನಾನೂ ಅಷ್ಟು ಕೂಗಾಡಬೇಕಿರಲಿಲ್ಲ.

ನೀನು ಬಿಟ್ಟುಹೋದ, ಸರ್ಕಾರವೇ ಬೇಡ ಅನ್ನುವ ಅಮೆರಿಕದ ಅರ್ಥಶಾಸ್ತ್ರಜ್ಞ ರಾತ್‌ಬಾರ್ಡ್ ಪುಸ್ತಕವನ್ನು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದೆ. ಬುದ್ಧಿವಂತ ಮನುಷ್ಯ. ಒಬ್ಬ ಮಾಡಿದರೆ ತಪ್ಪಾಗುವ ಕೆಲಸ ಸರ್ಕಾರ ಮಾಡಿದರೆ ಹೇಗೆ ಸರಿ ಅಂತ ಕೇಳುತ್ತಾನೆ. ಇಷ್ಟು ವರ್ಷ ಮೇಷ್ಟ್ರಾಗಿದ್ದ ನನಗೂ ತಕ್ಷಣ ಉತ್ತರ ಹೊಳೆಯಲಿಲ್ಲ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಬಾವುಟ ಹಿಡಿದು ಸೇರಿದ್ದವರ ಮೇಲೆ ಗುಂಡು ಹಾರಿಸಿದ್ದು ಪೊಲೀಸರೇ ಅಲ್ವಾ. ಸರ್ಕಾರ ದೇವರು ಅಂತ ನಾನೆಂದೂ ಹೇಳಿಲ್ಲ.

ಆದರೆ ಸರ್ಕಾರ ಇಲ್ಲದೆ ನಡೆಯುವ ಊರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಚೇರಿ, ಠಾಣೆ ಎಲ್ಲ ದೂರದ ಚಿಂತಾಮಣಿಯಲ್ಲಿ. ಊರಲ್ಲಿ ನಡೆಯುತ್ತಿದ್ದದ್ದು ಕಟ್ಟುಪಾಡು. ನಿಮ್ಮ ತಾತ ನೀರುಗಂಟಿ. ಹೆಗಲ ಮೇಲೆ ಸನಿಕೆ ಇಟ್ಟುಕೊಂಡು ಬೆಳಕು ಹರಿಯುವ ಮೊದಲೇ ಕೆರೆ ಏರಿ ಮೇಲಿರುತ್ತಿದ್ದರು. ತೂಬು ಎತ್ತುವವರು ಅವರೇ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹೇಳುವವರೂ ಅವರೇ. ಎಂಥ ಗೌಡನಾದರೂ ತಾನಾಗಿ ಬದು ಕಡಿದು ನೀರು ತಿರುಗಿಸುವ ಹಾಗಿರಲಿಲ್ಲ. ಸಂಬಳ ಇಲ್ಲ, ಸುಗ್ಗಿಯಲ್ಲಿ ಆಯ ಅಂತ ಒಂದಿಷ್ಟು ಕಾಳು ಕೊಡುತ್ತಿದ್ದರು. ಜನ ತಾವೇ ಕೂಡಿ ಕೆರೆ, ಕಾಡು ಕಾಪಾಡಿಕೊಳ್ಳಬಲ್ಲರು ಅಂತ ತೋರಿಸಿದ್ದಕ್ಕೆ ಎಲಿನಾರ್ ಆಸ್ಟ್ರಮ್‌ಗೆ 2009ರಲ್ಲಿ ನೊಬೆಲ್ ಬಂತಲ್ಲ, ನಿಮ್ಮ ತಾತನನ್ನು ಕಂಡಿದ್ದರೆ ಆಯಮ್ಮ ಖುಷಿಪಡುತ್ತಿದ್ದರು. ಕೆರೆಗಳು ಇಲಾಖೆ ಕೈಗೆ ಹೋಗಿ ಹೂಳು ತುಂಬಿದವು ಅಂತ ನೀನು ಹೇಳಿದರೆ ಅದನ್ನೂ ಒಪ್ಪುತ್ತೇನೆ.

ಉಳಿದದ್ದನ್ನೂ ಕೇಳು. ಆಯ ತರೋಕೆ ಹೋದಾಗ ತಾತ ಕಣದೊಳಗೆ ಕಾಲಿಡುವಂತಿರಲಿಲ್ಲ. ಅಂಚಿನಲ್ಲಿ ಟವಲ್ ಚಾಚಿ ನಿಲ್ಲಬೇಕು. ಮೇಲಿಂದ ಸುರಿಯುತ್ತಿದ್ದರು, ಕೈ ತಾಗದ ಹಾಗೆ. ಹೊರಗೆ ಚೆಲ್ಲಿದ ಕಾಳನ್ನು ನಾನು ಮಣ್ಣಿಂದ ಆರಿಸುತ್ತಿದ್ದೆ. ಊರಿನ ಗದ್ದೆಗೆಲ್ಲ ನೀರು ಹಂಚುವವರು ಊರ ಬಾವಿಗೆ ಹಗ್ಗ ಇಳಿಸುವಂತಿರಲಿಲ್ಲ. ಇದನ್ನು ಜಾರಿ ಮಾಡೋಕೆ ಪೊಲೀಸೂ ಬೇಕಿರಲಿಲ್ಲ, ಬಂದೂಕೂ ಬೇಕಿರಲಿಲ್ಲ. ರಾತ್‌ಬಾರ್ಡ್ ಲೆಕ್ಕದಲ್ಲಿ ಅಲ್ಲಿ ಬಲವಂತವೇ ಇಲ್ಲ. ಆದರೆ ಆ ಟವಲ್ ಚಾಚಿದ ಕೈ ನಮ್ಮಪ್ಪನದು. ಅವರು ತಲೆ ಎತ್ತದೆ ನಿಲ್ಲುತ್ತಿದ್ದದ್ದು, ಕಾಳು ಕಮ್ಮಿ ಅನಿಸಿದರೂ ಸುಮ್ನೆ ಗಂಟು ಕಟ್ಟುತ್ತಿದ್ದದ್ದು, ಎಷ್ಟು ಬರೆದರೂ ಅಲ್ಲಿಗೇ ಬರುತ್ತೇನೆ. ನನ್ನನ್ನು ಆ ಕಣದ ಅಂಚಿನಿಂದ ಎತ್ತಿದ್ದು ಸರ್ಕಾರಿ ಹಾಸ್ಟೆಲ್ಲು. ಯಾರದೋ ತೆರಿಗೆ ಅದು, ನಿಜ.

ಕಂಬಾಲಪಲ್ಲಿ ವಿಷಯ ನೀನು ಎತ್ತೇ ಎತ್ತುತ್ತೀಯ. 2000ದ ಮಾರ್ಚ್ 11ರಂದು ಏಳು ದಲಿತರನ್ನು ಸುಟ್ಟರು, ಆಮೇಲೆ ಆರೋಪಿಗಳು ಖುಲಾಸೆಯಾದರು, ಸರ್ಕಾರ ಇದ್ದು ಏನು ಮಾಡಿತು ಅಂತ. ಏನೂ ಮಾಡಲಿಲ್ಲ. ಆದರೂ ಹೀಗೆ ಬೈಯೋಕೆ ಒಂದು ಕಚೇರಿಯಾದರೂ ಇದೆ, ಮೇಲೊಂದು ಕೋರ್ಟಿದೆ. ಕಣದಲ್ಲಿ ತಾತ ಯಾರನ್ನು ಕೇಳಬೇಕಿತ್ತು?

ನೀನು ಹೇಳಿದ ಐಸ್‌ಲ್ಯಾಂಡ್ ಬಗ್ಗೆಯೂ ಓದಿದೆ. 930ರಿಂದ 1262ರವರೆಗೆ ರಾಜನಿಲ್ಲದೆ ಇದ್ದರು, ದೊಡ್ಡದೇ. ಆದರೆ ಕೇಸು ಗೆದ್ದವನೇ ತೀರ್ಪು ಜಾರಿ ಮಾಡಿಕೊಳ್ಳಬೇಕು. ಕೈಲಾಗದವನು ಬಲವಿದ್ದವನ ಬೆನ್ನು ಹಿಡಿಯಬೇಕು. ಕೊನೆಗೆ ಅಧಿಕಾರವೆಲ್ಲ ನಾಲ್ಕಾರು ಮನೆತನಗಳ ಕೈಗೆ ಬಂದು, ಅವು ಬಡಿದಾಡಿಕೊಂಡು, ದೇಶ ನಾರ್ವೆ ರಾಜನ ಪಾಲಾಯಿತು.

ನಮ್ಮ ಮನೆಯಲ್ಲಿ ಇಂಥ ಪುಸ್ತಕ ಓದಿ ಅಪ್ಪನ ಜೊತೆ ಜಗಳ ಆಡುವವಳು ಹುಟ್ಟಿದ್ದಾಳೆ ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದೇನೆ. ಓದು. ವಾದ ಮಾಡು. ರಿಟರ್ನ್ಸ್ ಮಾತ್ರ ಟೈಮಿಗೆ ಹಾಕು, ಈ ಹುಚ್ಚಲ್ಲಿ ನೋಟಿಸ್ ಗೀಟಿಸ್ ತರಿಸಿಕೊಳ್ಳಬೇಡ. ರಾತ್ರಿ ಜಾಸ್ತಿ ಹೊತ್ತು ಎಚ್ಚರ ಇರಬೇಡ.

ಒಂದೇ ಪ್ರಶ್ನೆ. ಪೊಲೀಸಿನ ಬದಲು ರಕ್ಷಣೆ ಕೊಡುವ ಕಂಪನಿಗಳಿರುತ್ತವೆ, ಬೇಕಾದದ್ದನ್ನು ದುಡ್ಡು ಕೊಟ್ಟು ಆರಿಸಿಕೊಳ್ಳಬಹುದು ಅಂತಾನೆ ನಿನ್ನ ರಾತ್‌ಬಾರ್ಡ್. ನಮ್ಮೂರಿನ ಮನೆಗಳೆಲ್ಲ ನಿನಗೆ ಗೊತ್ತು. ಆ ಕಂಪನಿಯನ್ನು ಯಾವ ಮನೆಯವರು ನಡೆಸುತ್ತಾರೆ? ಬರೆದು ಕಳಿಸು.

ನಿನ್ನ ಅಪ್ಪ