ವಾಲೆಟ್ ಕನೆಕ್ಟ್ ಆಗದಿದ್ದರೆ ರೀಸೆಟ್ ಮದ್ದಲ್ಲ

ಮಾನ್ಯ ಸಂಪಾದಕರೇ,

ಕ್ರಿಪ್ಟೋ ಹಾರ್ಡ್‌ವೇರ್ ವಾಲೆಟ್ (ಕ್ರಿಪ್ಟೋ ನಾಣ್ಯಗಳ ರಹಸ್ಯ ಕೀಲಿಯನ್ನು ಕಾಪಾಡುವ ಚಿಕ್ಕ ಸಾಧನ) ಕಂಪ್ಯೂಟರಿಗೆ ಕನೆಕ್ಟ್ ಆಗುತ್ತಿಲ್ಲ ಎಂದು ಕೇಳಿದ ಓದುಗರಿಗೆ ನಿಮ್ಮ ತಂತ್ರಜ್ಞಾನ ಪುಟದಲ್ಲಿ ‘ಸಾಧನವನ್ನು ರೀಸೆಟ್ ಮಾಡಿ, ಸೀಡ್ ಪದಗಳನ್ನು ಮತ್ತೆ ಹಾಕಿ’ ಎಂದು ಉತ್ತರಿಸಲಾಗಿದೆ. ರೀಸೆಟ್ ಎಂದರೆ ಸಾಧನದೊಳಗಿನ ಕೀಲಿಯನ್ನು ಅಳಿಸುವುದು; ಸೀಡ್ ಪದಗಳೆಂದರೆ ಆ ಕೀಲಿಯನ್ನು ಮರಳಿ ಪಡೆಯಲು ಬರೆದಿಟ್ಟುಕೊಳ್ಳುವ ಪದಗಳು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಸಲಹೆ ಇದು. ಕೇಬಲ್ ಕೆಟ್ಟಿದ್ದರೆ ರೀಸೆಟ್ ಆದ ಮೇಲೂ ಅದು ಕೆಟ್ಟೇ ಇರುತ್ತದೆ. ಬ್ರೌಸರಿಗೆ ಅನುಮತಿ ಇಲ್ಲದಿದ್ದರೆ ರೀಸೆಟ್ ಅದನ್ನು ಕೊಡಿಸುವುದಿಲ್ಲ. ಕಾಗದದ ಮೇಲೆ ಬರೆದಿಟ್ಟ 24 ಪದಗಳಲ್ಲಿ ಒಂದೇ ಒಂದು ತಪ್ಪಿದ್ದರೂ, ಅಲ್ಲಿಯವರೆಗೆ ಸಾಧನದೊಳಗೆ ಸುರಕ್ಷಿತವಾಗಿದ್ದ ಕೀಲಿ ರೀಸೆಟ್ ಆದ ಕ್ಷಣ ಹೋಗಿಬಿಡುತ್ತದೆ.

ತೊಂದರೆ ಹೆಚ್ಚಾಗಿ ಸಾಧನದ ಹೊರಗೇ ಇರುತ್ತದೆ. ಮೊದಲ ಅನುಮಾನ ಕೇಬಲ್ ಮೇಲೆ. ಯುಎಸ್‌ಬಿ ಕೇಬಲ್‌ನಲ್ಲಿ ವಿದ್ಯುತ್ತಿಗೆ ಎರಡು ತಂತಿ, ಡೇಟಾಗೆ ಎರಡು ತಂತಿ ಇರಬೇಕು. ಅಗ್ಗದ ಚಾರ್ಜಿಂಗ್ ಕೇಬಲ್‌ಗಳಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ. ಅಂಥದ್ದನ್ನು ಚುಚ್ಚಿದರೆ ವಾಲೆಟ್‌ನ ಪರದೆ ಬೆಳಗುತ್ತದೆ, ಪಿನ್ ಕೇಳುತ್ತದೆ, ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. ಕಂಪ್ಯೂಟರಿಗೆ ಮಾತ್ರ ಏನೂ ಗೊತ್ತಾಗುವುದಿಲ್ಲ. ಪರದೆ ಬೆಳಗಿದ್ದು ವಿದ್ಯುತ್ ಬಂದಿದೆ ಎಂಬುದಕ್ಕಷ್ಟೇ ಸಾಕ್ಷಿ. ಅದೇ ಕೇಬಲ್‌ನಲ್ಲಿ ಫೋನಿನಿಂದ ಒಂದು ಫೋಟೊ ಕಂಪ್ಯೂಟರಿಗೆ ಕಾಪಿ ಮಾಡಿ ನೋಡಿ. ಫೈಲ್ ದಾಟಿದರೆ ಡೇಟಾ ತಂತಿ ಸರಿಯಿದೆ. ಹಬ್, ಡಾಕ್, ಮಾನಿಟರ್ ಹಿಂಬದಿಯ ಪೋರ್ಟ್ ಎಲ್ಲವನ್ನೂ ಬಿಟ್ಟು ಕಂಪ್ಯೂಟರಿನ ಸ್ವಂತ ಪೋರ್ಟಿಗೇ ಹಾಕಿ.

ಎರಡನೆಯ ಪ್ರಶ್ನೆ: ಆಪರೇಟಿಂಗ್ ಸಿಸ್ಟಮ್‌ಗೆ ಸಾಧನ ಕಾಣುತ್ತಿದೆಯೇ? ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್, ಮ್ಯಾಕ್‌ನಲ್ಲಿ ಸಿಸ್ಟಮ್ ಇನ್ಫರ್ಮೇಶನ್‌ನ ಯುಎಸ್‌ಬಿ ವಿಭಾಗ ತೆರೆದಿಟ್ಟು ಕೇಬಲ್ ಹಾಕಿ, ತೆಗೆದು, ಪಟ್ಟಿ ಬದಲಾಗುತ್ತದೆಯೇ ನೋಡಬೇಕು. ಲಿನಕ್ಸ್‌ನಲ್ಲಿ ‘ಎಲ್‌ಎಸ್‌ಯುಎಸ್‌ಬಿ’ (lsusb) ಆದೇಶ ಕೊಟ್ಟರೆ ಲೆಡ್ಜರ್ ಬ್ರ್ಯಾಂಡಿನ ವಾಲೆಟ್‌ಗಳು 2ಸಿ97 (2c97) ಎಂಬ ತಯಾರಕ ಸಂಖ್ಯೆಯಡಿ, ಟ್ರೆಝರ್ ಬ್ರ್ಯಾಂಡಿನ ಈಚಿನ ವಾಲೆಟ್‌ಗಳು 1209 ಸಂಖ್ಯೆಯಡಿ ಕಾಣುತ್ತವೆ. ಇಲ್ಲಿ ಕಾಣದಿದ್ದರೆ ದೋಷ ಕೇಬಲ್, ಪೋರ್ಟ್ ಅಥವಾ ಸಾಧನದ್ದು. ವಾಲೆಟ್ ತಯಾರಕರ ಆ್ಯಪನ್ನು ಎಷ್ಟು ಸಲ ಅಳಿಸಿ ಮತ್ತೆ ಹಾಕಿಕೊಂಡರೂ ಪ್ರಯೋಜನವಿಲ್ಲ. ಕಂಡರೆ ಹಾರ್ಡ್‌ವೇರ್ ನಿರಪರಾಧಿ, ಮುಂದಿನ ಹುಡುಕಾಟವೆಲ್ಲ ಸಾಫ್ಟ್‌ವೇರ್‌ನಲ್ಲಿ. ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಮ್ಯಾಕ್ ಬಳಸುವವರಿಗೆ ಒಂದು ಮಾತು: ಆ್ಯಪಲ್ ಚಿಪ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ 2022ರ ವೆಂಚುರಾ ಆವೃತ್ತಿಯಿಂದ ಹೊಸ ಯುಎಸ್‌ಬಿ ಸಾಧನಕ್ಕೆ ಅನುಮತಿ ಕೇಳುವ ಕಿಟಕಿ ಬರುತ್ತದೆ. ಅವಸರದಲ್ಲಿ ‘ಬೇಡ’ ಒತ್ತಿದ್ದರೆ ವಾಲೆಟ್‌ಗೆ ವಿದ್ಯುತ್ ಸಿಗುತ್ತದೆ, ಡೇಟಾ ಸಿಗುವುದಿಲ್ಲ. ಲಿನಕ್ಸ್‌ನಲ್ಲಿ ಪಟ್ಟಿಯಲ್ಲಿ ಕಂಡೂ ಆ್ಯಪ್‌ಗೆ ಕಾಣದಿದ್ದರೆ ಬಹುಪಾಲು ಕಾರಣ ಯುಡೆವ್ ನಿಯಮಗಳ (ಯಾವ ಸಾಧನವನ್ನು ಯಾರು ಬಳಸಬಹುದೆಂದು ಹೇಳುವ ಲಿನಕ್ಸ್ ನಿಯಮಗಳ) ಕೊರತೆ. ಆ ನಿಯಮವಿಲ್ಲದೆ ಸಾಮಾನ್ಯ ಬಳಕೆದಾರನ ಪ್ರೋಗ್ರಾಮ್‌ಗೆ ಸಾಧನವನ್ನು ಮುಟ್ಟುವ ಹಕ್ಕಿಲ್ಲ. ತಯಾರಕರು ಕೊಡುವ ನಿಯಮದ ಫೈಲ್ ಹಾಕಿ, ನಿಯಮಗಳನ್ನು ರೀಲೋಡ್ ಮಾಡಿ, ಕೇಬಲ್ ತೆಗೆದು ಹಾಕಬೇಕು. ಇದನ್ನು ಬಿಟ್ಟು ಆ್ಯಪನ್ನೇ ರೂಟ್ ಅಧಿಕಾರದಲ್ಲಿ ಓಡಿಸುವುದು ಸೋಮಾರಿತನ, ಅಪಾಯಕಾರಿಯೂ ಹೌದು. ಸ್ನ್ಯಾಪ್, ಫ್ಲ್ಯಾಟ್‌ಪ್ಯಾಕ್ ಎಂಬ ಲಿನಕ್ಸ್ ಪ್ಯಾಕೇಜ್‌ಗಳ ರೂಪದ ಬ್ರೌಸರ್‌ಗಳು ತಮ್ಮದೇ ಆವರಣದೊಳಗೆ ಓಡುವುದರಿಂದ ನಿಯಮ ಹಾಕಿದ ಮೇಲೂ ಸಾಧನ ಸಿಗದೆ ಹೋಗಬಹುದು.

ನನ್ನ ಪ್ರಕಾರ ಹೆಚ್ಚು ಜನ ಎಡವುವುದು ಮುಂದಿನ ಹಂತದಲ್ಲಿ. ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ಪ್ರೋಗ್ರಾಮ್ ವಾಲೆಟ್ ಜೊತೆ ಮಾತಾಡಬಲ್ಲದು. ಹಿನ್ನೆಲೆಯಲ್ಲಿ ತಯಾರಕರ ಆ್ಯಪ್ ತೆರೆದಿಟ್ಟುಕೊಂಡು ಬ್ರೌಸರಿನಲ್ಲಿ ಮೆಟಾಮಾಸ್ಕ್ ಎಂಬ ವಾಲೆಟ್ ಎಕ್ಸ್‌ಟೆನ್ಶನ್ ಮೂಲಕ ಕನೆಕ್ಟ್ ಮಾಡಲು ಹೊರಟರೆ ಮೆಟಾಮಾಸ್ಕ್‌ಗೆ ದಾರಿ ಸಿಗುವುದಿಲ್ಲ. ಕಿಟಕಿ ಮುಚ್ಚಿದರೆ ಸಾಲದು, ಆ್ಯಪ್‌ನಿಂದ ಪೂರ್ತಿ ಹೊರಬರಬೇಕು. ಟ್ರೆಝರ್ ವಿಷಯದಲ್ಲಿ ‘ಬ್ರಿಜ್’ ಎಂಬ ಚಿಕ್ಕ ಪ್ರೋಗ್ರಾಮ್ ಮಧ್ಯವರ್ತಿ. ಅದು ಸ್ವಂತ ಕಂಪ್ಯೂಟರಿನ 127.0.0.1 ವಿಳಾಸದ 21325ನೇ ಪೋರ್ಟಿನಲ್ಲಿ ಕಿವಿಗೊಟ್ಟು ಕೂತಿರುತ್ತದೆ. ಹಿಂದೆಂದೋ ಪ್ರತ್ಯೇಕವಾಗಿ ಹಾಕಿಕೊಂಡ ಹಳೆಯ ಬ್ರಿಜ್ ಮತ್ತು ತಯಾರಕರ ಆ್ಯಪ್ ಆದ ಟ್ರೆಝರ್ ಸೂಟ್‌ನೊಳಗಿನ ಬ್ರಿಜ್ ಎರಡೂ ಆ ಪೋರ್ಟಿಗೆ ಜಗಳವಾಡಬಹುದು. ಹಳೆಯದನ್ನು ತೆಗೆದುಹಾಕಿ. ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್, ಆ್ಯಂಟಿವೈರಸ್ ಅಥವಾ ವಿಪಿಎನ್ ಈ ಸ್ಥಳೀಯ ಸಂಪರ್ಕವನ್ನು ಕಡಿಯುತ್ತಿದೆಯೇ ಎಂದೂ ನೋಡಿ.

ಬ್ರೌಸರ್ ಮೂಲಕ ಕನೆಕ್ಟ್ ಮಾಡುವವರು ಕ್ರೋಮ್ ಅಥವಾ ಅದೇ ಎಂಜಿನ್‌ನ ಬ್ರೌಸರ್ ಬಳಸುವುದು ಒಳ್ಳೆಯದು. ಜಾಲತಾಣವೊಂದು ಯುಎಸ್‌ಬಿ ಸಾಧನದ ಜೊತೆ ಮಾತಾಡಲು ಬೇಕಾದ ವೆಬ್‌ಯುಎಸ್‌ಬಿ, ವೆಬ್‌ಹಿಡ್ ಸೌಲಭ್ಯಗಳು ಸಫಾರಿಯಲ್ಲಿಲ್ಲ. ಹಳೆಯ ಮಾರ್ಗದರ್ಶಿಗಳು ಲೆಡ್ಜರ್‌ನ ಇಥೀರಿಯಂ ಆ್ಯಪಿನಲ್ಲಿ ‘ಬ್ರೌಸರ್ ಸಪೋರ್ಟ್’ ಆನ್ ಮಾಡಿ ಎನ್ನುತ್ತವೆ. ಅದು ಬ್ರೌಸರ್ ಯು2ಎಫ್ ಎಂಬ ಹಳೆಯ ವಿಧಾನದಲ್ಲಿ ಸಾಧನದ ಜೊತೆ ಮಾತಾಡುತ್ತಿದ್ದ ಕಾಲದ ಮಾತು. ಆ ವಿಧಾನವನ್ನು ಕ್ರೋಮ್ 2022ರ ಫೆಬ್ರುವರಿಯಲ್ಲೇ ಕೈಬಿಟ್ಟಿತು. ಇಲ್ಲದ ಆಯ್ಕೆಯನ್ನು ಹುಡುಕುತ್ತ ಕೂರಬೇಡಿ.

ಲೆಡ್ಜರ್‌ನಲ್ಲಿ ಪಿನ್ ಹಾಕಿದರಷ್ಟೇ ಸಾಲದು, ಆಯಾ ನಾಣ್ಯದ ಆ್ಯಪನ್ನು ಸಾಧನದ ಪರದೆಯಲ್ಲೇ ತೆರೆಯಬೇಕು. ದೋಷದ ಸಂಕೇತ 6511 ಎಂದಿದ್ದರೆ ಆ್ಯಪ್ ತೆರೆದಿಲ್ಲ, 5515 ಎಂದರೆ ಸಾಧನ ಲಾಕ್ ಆಗಿದೆ, 6985 ಎಂದರೆ ನೀವೇ ಸಾಧನದಲ್ಲಿ ‘ತಿರಸ್ಕರಿಸು’ ಒತ್ತಿದ್ದೀರಿ. ಈ ಮೂರೂ ಬಂದರೆ ಸಂತೋಷಪಡಿ: ಸಂಪರ್ಕ ಇರುವುದರಿಂದಲೇ ಸಾಧನ ಉತ್ತರ ಕೊಡುತ್ತಿದೆ. ಆ್ಯಪ್ ತೆರೆದಾಗ ಸಾಧನ ಒಂದು ಕ್ಷಣ ಕಳಚಿಕೊಂಡು ಹೊಸ ಗುರುತಿನೊಂದಿಗೆ ಮತ್ತೆ ಸೇರುವುದು ಸಹಜ. ವರ್ಚುವಲ್ ಮಷೀನ್ (ಕಂಪ್ಯೂಟರಿನೊಳಗೇ ಓಡುವ ಇನ್ನೊಂದು ಕಂಪ್ಯೂಟರ್) ಬಳಸುವವರಿಗೆ ಇದೇ ಕಂಟಕ. ಯುಎಸ್‌ಬಿ ಫಿಲ್ಟರ್‌ನಲ್ಲಿ ಉತ್ಪನ್ನ ಸಂಖ್ಯೆಯನ್ನೂ ನಮೂದಿಸಿದ್ದರೆ ಆ್ಯಪ್ ತೆರೆದ ಕೂಡಲೇ ಸಾಧನ ಮಾಯವಾಗುತ್ತದೆ. ತಯಾರಕ ಸಂಖ್ಯೆಯನ್ನಷ್ಟೇ ಉಳಿಸಿ.

ಬ್ಲೂಟೂತ್ ಇರುವ ಮಾದರಿಗಳಲ್ಲಿ ಹಳಸಿದ ಪೇರಿಂಗ್ ಮುಖ್ಯ ತೊಡಕು. ಫೋನಿನಲ್ಲೂ ವಾಲೆಟ್‌ನಲ್ಲೂ, ಎರಡೂ ಕಡೆ, ಹಳೆಯ ಜೋಡಣೆಯನ್ನು ಅಳಿಸಿ ಹೊಸದಾಗಿ ಪೇರ್ ಮಾಡಬೇಕು. ಒಂದೇ ಕಡೆ ಅಳಿಸಿದರೆ ಗೊಂದಲ ಹೆಚ್ಚುತ್ತದೆ. ಆಂಡ್ರಾಯ್ಡ್ 11ರವರೆಗೆ ಬ್ಲೂಟೂತ್ ಹುಡುಕಾಟಕ್ಕೆ ಲೊಕೇಶನ್ ಅನುಮತಿ ಬೇಕಿತ್ತು, 12ರಿಂದ ‘ಹತ್ತಿರದ ಸಾಧನಗಳು’ ಎಂಬ ಅನುಮತಿ ಬಂದಿದೆ. ಕೇಬಲ್‌ನಲ್ಲಿ ಜೋಡಿಸುವ ಆಂಡ್ರಾಯ್ಡ್ ಫೋನ್‌ಗಳಲ್ಲಿ ಒಟಿಜಿ (ಫೋನಿಗೆ ಬೇರೆ ಯುಎಸ್‌ಬಿ ಸಾಧನ ಜೋಡಿಸುವ ಸೌಲಭ್ಯ) ಸ್ವಿಚ್ ತಾನೇ ಆಫ್ ಆಗಿರುವುದುಂಟು.

ಫರ್ಮ್‌ವೇರ್ (ಸಾಧನದೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ನಡುವೆ ಕೇಬಲ್ ಕಳಚಿದರೆ ಸಾಧನ ಬೂಟ್‌ಲೋಡರ್ ಸ್ಥಿತಿಯಲ್ಲಿ, ಅಂದರೆ ಆ ಸಾಫ್ಟ್‌ವೇರ್‌ಗಾಗಿ ಕಾಯುವ ಸ್ಥಿತಿಯಲ್ಲಿ, ಸಿಕ್ಕಿಕೊಳ್ಳಬಹುದು. ಅದು ಸತ್ತಿಲ್ಲ. ತಯಾರಕರ ಆ್ಯಪಿನಿಂದಲೇ ಫರ್ಮ್‌ವೇರನ್ನು ಮತ್ತೆ ಹಾಕಿಸಬಹುದು. ಸೀಡ್ ಪದಗಳ ಪ್ರತಿ ಸರಿಯಿದೆಯೇ ಎಂದು ಅಪ್‌ಡೇಟ್‌ಗೆ ಮೊದಲೇ ಖಚಿತಪಡಿಸಿಕೊಳ್ಳಬೇಕು ಎನ್ನುವುದು ಇದಕ್ಕೇ. ಈ ಪರದಾಟದಲ್ಲಿ ಪಿನ್ ಊಹಿಸುತ್ತ ಹೋಗಬೇಡಿ: ಲೆಡ್ಜರ್ 3 ತಪ್ಪಿಗೆ, ಟ್ರೆಝರ್ ಹೆಚ್ಚೆಂದರೆ 16 ತಪ್ಪಿಗೆ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ.

ಕನೆಕ್ಟ್ ಆಗಿಯೂ ಬ್ಯಾಲೆನ್ಸ್ ಸೊನ್ನೆ ತೋರಿಸಿದರೆ ಅದು ಬೇರೆಯೇ ವಿಷಯ. ನಾಣ್ಯಗಳಿರುವುದು ಬ್ಲಾಕ್‌ಚೈನ್‌ನಲ್ಲಿ, ಸಾಧನದಲ್ಲಿರುವುದು ಕೀಲಿ ಮಾತ್ರ. ನಿಮ್ಮ ವಾಲೆಟ್ ವಿಳಾಸವನ್ನು ಬ್ಲಾಕ್‌ಚೈನ್ ದಾಖಲೆ ತೋರಿಸುವ ಜಾಲತಾಣವಾದ ಬ್ಲಾಕ್ ಎಕ್ಸ್‌ಪ್ಲೋರರ್‌ನಲ್ಲಿ ಹಾಕಿದರೆ ಹಣ ಇದೆಯೋ ಇಲ್ಲವೋ ವಾಲೆಟ್ ಇಲ್ಲದೆಯೇ ಗೊತ್ತಾಗುತ್ತದೆ. ಅಲ್ಲಿ ಇದ್ದು ಇಲ್ಲಿ ಕಾಣದಿದ್ದರೆ ಆ್ಯಪ್ ಸಿಂಕ್ ಆಗಿಲ್ಲ, ಡೆರಿವೇಶನ್ ಪಾಥ್ (ಕೀಲಿಯಿಂದ ವಿಳಾಸಗಳನ್ನು ಹುಟ್ಟಿಸುವ ದಾರಿ) ಬೇರೆಯಾಗಿದೆ, ಇಲ್ಲವೇ ಸೀಡ್ ಪದಗಳ ಜೊತೆ ನೀವೇ ಸೇರಿಸಿಕೊಂಡ ಗುಪ್ತಪದವಾದ ಪಾಸ್‌ಫ್ರೇಸ್‌ನಲ್ಲಿ ಒಂದಕ್ಷರ ತಪ್ಪಾಗಿದೆ. ತಪ್ಪು ಪಾಸ್‌ಫ್ರೇಸ್‌ಗೆ ವಾಲೆಟ್ ದೋಷ ತೋರಿಸುವುದಿಲ್ಲ, ಮತ್ತೊಂದು ಖಾಲಿ ವಾಲೆಟನ್ನು ತೆರೆದುಕೊಡುತ್ತದೆ.

‘ಕನೆಕ್ಟ್ ಆಗುತ್ತಿಲ್ಲ’ ಎಂದು ಹುಡುಕುವವರಿಗಾಗಿಯೇ ವಂಚಕರು ಬಲೆ ಹಾಕಿರುತ್ತಾರೆ. 2023ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಸ್ಟೋರ್‌ನಲ್ಲೇ ಲೆಡ್ಜರ್ ತಯಾರಕರ ಆ್ಯಪ್ ಆಗಿದ್ದ ಲೆಡ್ಜರ್ ಲೈವ್‌ನ ಹೆಸರಿನ ನಕಲಿ ಆ್ಯಪ್ ಸಿಕ್ಕಿತ್ತು. ಅದನ್ನು ನಂಬಿದವರ ಬಿಟ್‌ಕಾಯಿನ್‌ಗಳು ಹೋದವು. ಇಂಥ ಆ್ಯಪ್ ಮತ್ತು ‘ಸಹಾಯವಾಣಿ’ಗಳು ಕೇಳುವುದು ಒಂದನ್ನೇ, ಸೀಡ್ ಪದಗಳನ್ನು. ನಿಮ್ಮ ಪುಟದ ಸಲಹೆ ಓದುಗರನ್ನು ಅದೇ ಪರದೆಯ ಮುಂದೆ ತಂದು ನಿಲ್ಲಿಸುತ್ತದೆ ಎಂಬುದೇ ನನ್ನ ಆಕ್ಷೇಪ. ಬೇರೆ ಕೇಬಲ್, ಬೇರೆ ಕಂಪ್ಯೂಟರ್ ಎರಡರಲ್ಲೂ ಪರದೆ ಬೆಳಗದೆ ಸಾಧನ ನಿಜಕ್ಕೂ ಸತ್ತಿದ್ದರೆ ಹೊಸ ಸಾಧನದಲ್ಲಿ ಪದಗಳನ್ನು ಹಾಕುವುದು ಸರಿ, ಅದೂ ಸಾಧನದ ಗುಂಡಿ ಅಥವಾ ಪರದೆಯ ಮೇಲೆಯೇ. ಟ್ರೆಝರ್ ಮಾಡೆಲ್ ಒನ್ ಮಾತ್ರ ಇದಕ್ಕೆ ಅಪವಾದ: ಅದರ ಸಾಮಾನ್ಯ ವಿಧಾನದಲ್ಲಿ ಪದಗಳನ್ನು ಕಂಪ್ಯೂಟರಿನಲ್ಲೇ ಟೈಪ್ ಮಾಡಬೇಕು. ಆದರೆ ಎಷ್ಟನೆಯ ಪದ ಎಂಬುದನ್ನು ಸಾಧನದ ಪರದೆ ಅಡ್ಡಾದಿಡ್ಡಿ ಕ್ರಮದಲ್ಲಿ ಕೇಳುತ್ತದೆ. ಪದಗಳನ್ನು ಒಂದರಿಂದ 24ರವರೆಗೆ ಸಾಲಾಗಿ ಟೈಪ್ ಮಾಡಿ ಎನ್ನುವ ಪುಟ ಕಂಡರೆ ಅದನ್ನು ಮುಚ್ಚಿಬಿಡಬೇಕು.

ಪ್ರಶ್ನೋತ್ತರದ ಆ ಸಾಲನ್ನು ಜಾಲತಾಣದ ಆವೃತ್ತಿಯಲ್ಲಾದರೂ ತಿದ್ದಬೇಕೆಂದು ಕೋರುತ್ತೇನೆ.

ಇಂತಿ,
ನಿಮ್ಮ ಓದುಗ