ಕಂಪನಿ ಸೆಟ್ ಬಿಚ್ಚುವ ಕೆಲಸ ನಿಲ್ಲಿಸುತ್ತಿದ್ದೇವೆ: ನಮ್ಮ ಗ್ರಾಹಕರಿಗೊಂದು ಪತ್ರ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಬರುವ ತಿಂಗಳ 1ನೇ ತಾರೀಖಿನಿಂದ ನಮ್ಮ ಅಂಗಡಿಯಲ್ಲಿ ಒಂದು ಕೆಲಸ ನಿಲ್ಲುತ್ತದೆ. ಕಾರಿನ ಜೊತೆಗೇ ಬಂದ ಟಚ್ ಸ್ಕ್ರೀನ್ ಬಿಚ್ಚಿ, ಆ ಜಾಗಕ್ಕೆ ಹೊರಗಿನ ದೊಡ್ಡ ಆ್ಯಂಡ್ರಾಯ್ಡ್ ಸೆಟ್ ಕೂರಿಸಿ ಕೊಡುವುದನ್ನು ಇನ್ನು ಮುಂದೆ ಮಾಡುವುದಿಲ್ಲ. ಅಂಥ ಅಗ್ಗದ ಸೆಟ್‌ಗಳನ್ನು ತರಿಸಿ ಮಾರುವುದೂ ಇಲ್ಲ. ಎರಡು ವರ್ಷದಿಂದ ನಮ್ಮಲ್ಲಿ ಹೆಚ್ಚು ದುಡ್ಡು ಓಡಾಡಿದ್ದು ಇದೇ ಕೆಲಸದಲ್ಲಿ. ಆದ್ದರಿಂದ ಯಾಕೆ ನಿಲ್ಲಿಸುತ್ತಿದ್ದೇವೆ ಎಂದು ನಿಮಗೆ ಬಿಡಿಸಿ ಹೇಳಬೇಕು.

ಹೋದ ಮದುವೆ ಸೀಸನ್ನಿನಲ್ಲಿ ಸಾಗರದ ಕಡೆಯ ಒಂದು ಕುಟುಂಬ ಶಿವಮೊಗ್ಗಕ್ಕೆ ಬಂದು ನಮ್ಮಲ್ಲಿ ಹತ್ತು ಇಂಚಿನ ಸೆಟ್ ಹಾಕಿಸಿಕೊಂಡಿತು. ಎರಡು ವರ್ಷದ ಕಾರು, ಕಂಪನಿ ಸ್ಕ್ರೀನ್ ಚೆನ್ನಾಗಿಯೇ ಇತ್ತು. ಕೂರಿಸಿದ ಮೇಲೆ ನೋಡಲು ಲಕ್ಷಣವಾಗಿಯೂ ಕಂಡಿತು. ಒಂದು ತಿಂಗಳ ನಂತರ, ಮಗಳ ನಿಶ್ಚಿತಾರ್ಥದ ದಿನ ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ. ನಾಲ್ಕು ದಿನ ನಿಂತಿದ್ದ ಕಾರಿನ ಬ್ಯಾಟರಿ ಪೂರ್ತಿ ಇಳಿದುಹೋಗಿತ್ತು. ಕೀ ತಿರುಗಿಸಿದ ತಕ್ಷಣ ಪರದೆ ಬೆಳಗಲಿ ಎಂದು ಇಂಥ ಸೆಟ್‌ಗಳು ಪೂರ್ತಿ ಆಫ್ ಆಗುವುದಿಲ್ಲ, ಅರೆನಿದ್ದೆಯಲ್ಲಿದ್ದು ಸ್ವಲ್ಪ ಸ್ವಲ್ಪವೇ ಕರೆಂಟ್ ಎಳೆಯುತ್ತಿರುತ್ತವೆ. ಅದು ನನಗೆ ಗೊತ್ತಿತ್ತು. ಅವರಿಗೆ ಹೇಳಿರಲಿಲ್ಲ.

ಅವರು ಕಾರು ತಂದಾಗ ಇನ್ನಷ್ಟು ಹೊರಬಿತ್ತು. ಸ್ಟೇರಿಂಗ್ ತಿರುಗಿಸಿದರೆ ಜೊತೆಗೆ ತಿರುಗುತ್ತಿದ್ದ ರಿವರ್ಸ್ ಕ್ಯಾಮೆರಾದ ಗೆರೆಗಳು ಈಗ ನೆಟ್ಟಗೆ ನಿಂತಿದ್ದವು. ಬಾಗಿಲು ತಾನೇ ಲಾಕ್ ಆಗುವ ಸೆಟ್ಟಿಂಗ್ ಹಳೆಯ ಪರದೆಯಲ್ಲಿತ್ತು, ಈಗ ಅದಕ್ಕೆ ದಾರಿಯೇ ಇಲ್ಲ. ಕಾರಿನ ವೈರ್ ಕತ್ತರಿಸದೆ ಸೆಟ್ಟಿಗೆ ಜೋಡಿಸುವ ಪ್ಲಗ್, ಅಂದರೆ ಕಪ್ಲರ್, ಸರಿಯಾಗಿ ಹೊಂದದೆ ನಮ್ಮ ಹುಡುಗ ಎರಡು ವೈರ್ ಕತ್ತರಿಸಿ ಜೋಡಿಸಿದ್ದ. ಅದನ್ನು ನೋಡಿದ ಸರ್ವಿಸ್ ಸೆಂಟರಿನವರು ಎಲೆಕ್ಟ್ರಿಕಲ್ ಕೆಲಸಕ್ಕೆ ವಾರಂಟಿ ಕೊಡುವುದಿಲ್ಲ ಎಂದರು. ಅದು ಅವರ ತಪ್ಪಲ್ಲ, ನಮ್ಮದು. ಆ ಮನೆಯ ಯಜಮಾನರು ಬೈಯಲಿಲ್ಲ. “ಇಷ್ಟೆಲ್ಲ ಇದೆ ಅಂತ ಮೊದಲೇ ಹೇಳಿದ್ದರೆ ನಾವು ಹಾಕಿಸ್ತಾನೇ ಇರಲಿಲ್ಲವಲ್ಲ?” ಎಂದು ಕೇಳಿದರು ಅಷ್ಟೆ.

ಹಳೆಯ ಸೆಟ್ ವಾಪಸ್ ಕೂರಿಸಿ, ಹಣ ಹಿಂದಿರುಗಿಸಿದೆವು. ಆ ಹೊತ್ತಿನಲ್ಲಿ ಸುಮ್ಮನೆ ಕೇಳಿದೆ, ದೊಡ್ಡ ಸೆಟ್ ಯಾತಕ್ಕೆ ಬೇಕಿತ್ತು ಎಂದು. ಗೂಗಲ್ ಮ್ಯಾಪ್ ಪರದೆ ಮೇಲೆ ಬರಲಿ, ದಾರಿ ಕನ್ನಡದಲ್ಲಿ ಹೇಳಲಿ ಅಂತ, ಎಂದರು. ಅವರ ಕಂಪನಿ ಸೆಟ್ಟಿನಲ್ಲಿ ಆ್ಯಂಡ್ರಾಯ್ಡ್ ಆಟೊ, ಅಂದರೆ ಫೋನಿನ ಮ್ಯಾಪ್, ಹಾಡುಗಳನ್ನು ಕಾರಿನ ಪರದೆಗೆ ತರುವ ವ್ಯವಸ್ಥೆ, ಮೊದಲಿನಿಂದಲೂ ಇತ್ತು! ಫೋನ್ ಜೋಡಿಸಿ ನೋಡಿದ್ದರು, ಬಂದಿರಲಿಲ್ಲ. ಅವರ ಕೇಬಲ್ ಬರೀ ಚಾರ್ಜಿಂಗಿನದು, ಡೇಟಾ ಹೋಗುವ ತಂತಿಯೇ ಅದರೊಳಗಿಲ್ಲ. ಅಂಗಡಿಯ ಕೇಬಲ್ ಒಂದನ್ನು ಚುಚ್ಚಿದೆ. ಪರದೆ ಮೇಲೆ ಮ್ಯಾಪ್ ಬಂತು. 350 ರೂಪಾಯಿಯ ಕೇಬಲ್ಲಿನಲ್ಲಿ ಮುಗಿಯುವ ಕೆಲಸಕ್ಕೆ ನಾವು ಅವರಿಂದ ಇಪ್ಪತ್ತು ಸಾವಿರ ತೆಗೆದುಕೊಂಡಿದ್ದೆವು.

ಅಂದಿನಿಂದ ಸೆಟ್ ಕೇಳಿಕೊಂಡು ಬಂದ ಪ್ರತಿಯೊಬ್ಬರನ್ನೂ ಮೊದಲು ಕೂರಿಸಿ, ಕಾರಿನಲ್ಲಿ ಏನು ಬಳಸುತ್ತೀರಿ, ಏನು ಬಳಸುವುದಿಲ್ಲ ಎಂದು ಕೇಳಲು ಶುರು ಮಾಡಿದೆವು. ಅದರಿಂದ ನಾವು ಕಲಿತದ್ದೇ ಈ ಪತ್ರ.

ಹೆಚ್ಚಿನವರು ಫೋನಿನ ಪಕ್ಷ. ಮ್ಯಾಪಿನಲ್ಲಿ ಮನೆ, ತೋಟ, ಬೀಗರ ಊರು ಎಲ್ಲ ಮೊದಲೇ ಗುರುತಾಗಿರುತ್ತದೆ. ಹಾಡುಗಳ ಪಟ್ಟಿ ಫೋನಿನಲ್ಲಿದೆ. ದಾರಿಯನ್ನು ಕನ್ನಡದಲ್ಲಿ ಹೇಳುವ ಸೌಲಭ್ಯ ಗೂಗಲ್ ಮ್ಯಾಪಿಗೆ 2018ರಲ್ಲೇ ಬಂದಿದೆ. ಕಾರಿನೊಳಗಿನ ನಕ್ಷೆಯಲ್ಲಿ ಊರಿನ ಹೆಸರನ್ನು ಒಂದೊಂದೇ ಅಕ್ಷರ ಒತ್ತಿ ಹುಡುಕುವುದಕ್ಕೆ ಯಾರಿಗೂ ತಾಳ್ಮೆ ಇಲ್ಲ. ಕಾರ್‌ಪ್ಲೇ, ಆ್ಯಂಡ್ರಾಯ್ಡ್ ಆಟೊ ಎಂದರೆ ಏನು ಎಂದು ಇನ್ನೂ ಅನೇಕರು ಕೇಳುತ್ತಾರೆ. ಮೊದಲನೆಯದು ಐಫೋನಿಗೆ, ಎರಡನೆಯದು ಆ್ಯಂಡ್ರಾಯ್ಡ್ ಫೋನಿಗೆ. ಎರಡರಲ್ಲೂ ಕೆಲಸ ನಡೆಯುವುದು ಫೋನಿನೊಳಗೆ. ಕಾರಿನ ಪರದೆ ಚಿತ್ರ ತೋರಿಸುತ್ತದೆ, ನೀವು ಮುಟ್ಟಿದ್ದನ್ನು ಫೋನಿಗೆ ತಿಳಿಸುತ್ತದೆ. ಹಾಗಾಗಿ ನೀವು ಫೋನ್ ಬದಲಾಯಿಸಿದರೆ, ಆ್ಯಪ್ ಅಪ್‌ಡೇಟ್ ಮಾಡಿದರೆ, ಹಳೆಯ ಕಾರಿನ ಪರದೆಯ ಮೇಲೂ ಹೊಸದೇ ಬರುತ್ತದೆ.

ಇದು ಸಣ್ಣ ಮಾತಲ್ಲ. ನಮ್ಮಲ್ಲಿ ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ, ಜನ ಅಷ್ಟೂ ವರ್ಷ ಓಡಿಸುತ್ತಾರೆ. ಅಷ್ಟರಲ್ಲಿ ಕಾರು ಮಾಡಿದ ಕಂಪನಿಯೇ ಇರುತ್ತದೆ ಎನ್ನುವಂತಿಲ್ಲ. ಷೆವರ್ಲೆ ಮಾರಾಟ ನಮ್ಮ ದೇಶದಲ್ಲಿ 2017ರ ಕೊನೆಗೆ ನಿಂತಿತು. ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ ಫೋರ್ಡ್ 2021ರಲ್ಲಿ ಹೇಳಿತು. ಮಲೆನಾಡಿನ ರಸ್ತೆಗಳಲ್ಲಿ ಆ ಗಾಡಿಗಳು ಇವತ್ತಿಗೂ ಓಡುತ್ತಿವೆ. ಫೋನ್ ಜೋಡಿಸುವ ಪರದೆ ಇರುವ ಫೋರ್ಡ್ ಕಾರಿನವರು ನಮ್ಮಲ್ಲಿಗೆ ಬಂದರೆ ಇವತ್ತಿನ ಮ್ಯಾಪನ್ನೇ ನೋಡುತ್ತಾರೆ. ಅಮೆರಿಕದಲ್ಲಿ ಇನ್ನೊಂದು ಬಗೆಯದ್ದಾಗಿದೆ. ಅಲ್ಲಿ ಅನೇಕ ಕಾರುಗಳೊಳಗಿನ ಮೊಬೈಲ್ ಸಂಪರ್ಕ 3ಜಿ ನೆಟ್‌ವರ್ಕಿನ ಮೇಲೆ ನಿಂತಿತ್ತು. 2022ರಲ್ಲಿ ಅಲ್ಲಿನ ದೊಡ್ಡ ಮೊಬೈಲ್ ಕಂಪನಿಗಳು 3ಜಿ ನಿಲ್ಲಿಸಿದಾಗ, ಏನೂ ಕೆಟ್ಟಿರದ ಎಷ್ಟೋ ಕಾರುಗಳಲ್ಲಿ ಆ ಸಂಪರ್ಕದಿಂದ ನಡೆಯುತ್ತಿದ್ದ ಸೌಲಭ್ಯಗಳು ಸತ್ತುಹೋದವು. ಕಾರಿನೊಳಗೆ ಸಿಮ್ ಕೂರಿಸಿರುವ ಈಗಿನ ಗಾಡಿ ಕೊಳ್ಳುವವರು ಇದನ್ನು ತಲೆಯಲ್ಲಿಟ್ಟುಕೊಳ್ಳಬೇಕು. ಉಚಿತ ಚಂದಾ ಎಷ್ಟು ವರ್ಷ, ಆಮೇಲೆ ಎಷ್ಟು ಎಂದು ಶೋರೂಮಿನಲ್ಲೇ ಕೇಳಿ ಬರೆಸಿಕೊಳ್ಳಿ.

ಆದರೆ ಕಾರಿನ ಸೆಟ್ಟಿನ ಪಕ್ಷದವರ ಮಾತು ಕೇಳಿದಾಗ ನನ್ನ ಅಭಿಪ್ರಾಯ ಸ್ವಲ್ಪ ಬದಲಾಯಿತು. ತೀರ್ಥಹಳ್ಳಿಯ ಆಚೆ ತೋಟ ಇರುವ ಒಬ್ಬರು ಫೋನಿನ ಮ್ಯಾಪನ್ನು ನಂಬುವುದೇ ಇಲ್ಲ. ಆಗುಂಬೆ, ಹುಲಿಕಲ್ ಘಾಟಿಗಳಲ್ಲಿ ಹಲವು ಕಡೆ ಸಿಗ್ನಲ್ ಇರುವುದಿಲ್ಲ. ಮಳೆಗಾಲದ ಮಂಜಿನಲ್ಲಿ ತಿರುವು ಎಷ್ಟು ಹತ್ತಿರ ಎಂದು ತಿಳಿಯಬೇಕಾದ ಹೊತ್ತಿಗೇ ಫೋನಿನ ಪರದೆ ಖಾಲಿ. ಅವರ ಕಾರಿನಲ್ಲಿ ನಕ್ಷೆ ಸೆಟ್ಟಿನೊಳಗೇ ತುಂಬಿಸಿದ್ದು, ಅದಕ್ಕೆ ನೆಟ್ ಬೇಡ, ಉಪಗ್ರಹದ ಜಿಪಿಎಸ್ ಸಾಕು. ಅವರು ಹೇಳುವುದು ನಿಜ. ಫೋನಿನಲ್ಲೂ ಇದಕ್ಕೆ ಉಪಾಯವಿದೆ: ಮನೆಯಲ್ಲಿ ವೈಫೈ ಇರುವಾಗಲೇ ಗೂಗಲ್ ಮ್ಯಾಪಿನಲ್ಲಿ ‘ಆಫ್‌ಲೈನ್ ನಕ್ಷೆ’ ಎಂಬಲ್ಲಿ ಶಿವಮೊಗ್ಗದಿಂದ ಉಡುಪಿ, ಕುಂದಾಪುರದವರೆಗಿನ ಚೌಕ ಆರಿಸಿ ಇಳಿಸಿಕೊಂಡರೆ ಘಾಟಿಯಲ್ಲೂ ದಾರಿ ತೋರಿಸುತ್ತದೆ. ಮುಂದೆ ಟ್ರಾಫಿಕ್ ನಿಂತಿದೆಯೇ ಎಂಬುದು ಮಾತ್ರ ಗೊತ್ತಾಗುವುದಿಲ್ಲ. ಇದನ್ನು ಎಷ್ಟೋ ಜನ ಮಾಡಿಯೇ ಇಲ್ಲ. ಕೌಂಟರಿನಲ್ಲಿ ಐದು ನಿಮಿಷ ನಿಂತರೆ ನಾವೇ ಮಾಡಿಕೊಡುತ್ತೇವೆ, ದುಡ್ಡು ಬೇಡ.

ನಿವೃತ್ತ ಮೇಷ್ಟ್ರೊಬ್ಬರಿಗೆ ಬೇಕಾದದ್ದು ಗುಂಡಿಗಳು. ಎಸಿ ಕಡಿಮೆ ಮಾಡಲು ಪರದೆಯ ಕಡೆ ಕಣ್ಣು ಹಾಯಿಸಬೇಕು, ಅಷ್ಟರಲ್ಲಿ ಮುಂದೆ ಹಸು ಬಂದಿರುತ್ತದೆ ಎಂಬುದು ಅವರ ದೂರು. ಅವರ ಮಾತಿನಲ್ಲಿ ತೂಕವಿದೆ. ಯುರೋಪಿನಲ್ಲಿ ಕಾರುಗಳ ಸುರಕ್ಷತೆಗೆ ಅಂಕ ಕೊಡುವ ಯುರೋ ಎನ್‌ಕ್ಯಾಪ್ ಸಂಸ್ಥೆಯೂ 2026ರಿಂದ ಇಂಡಿಕೇಟರ್, ಹಾರ್ನ್, ವೈಪರ್, ಅಪಾಯದ ದೀಪ, ತುರ್ತು ಕರೆ ಇವಕ್ಕೆ ಕೈಗೆ ಸಿಗುವ ಗುಂಡಿಯೋ ಕಡ್ಡಿಯೋ ಇರಲಿ, ಇಲ್ಲದಿದ್ದರೆ ಪೂರ್ತಿ ಅಂಕವಿಲ್ಲ ಎಂಬ ಕಡೆಗೆ ಬಂದಿದೆ. ಸ್ಟೇರಿಂಗ್ ಮೇಲಿನ ಗುಂಡಿಗಳು ಕಂಪನಿ ಸೆಟ್ಟಿನ ಜೊತೆ ಹೊಂದಿಕೊಂಡಿರುತ್ತವೆ. ಹೊರಗಿನ ಸೆಟ್ ಹಾಕಿ ಅವು ಸತ್ತರೆ, ಕಣ್ಣು ರಸ್ತೆಯಿಂದ ಆಚೆ ಹೋಗುವ ಸಂದರ್ಭಗಳನ್ನು ನಾವೇ ಹೆಚ್ಚಿಸಿದಂತೆ.

ಟ್ಯಾಕ್ಸಿ ಓಡಿಸುವ ಅಣ್ಣಂದಿರ ವಿಷಯವೇ ಬೇರೆ. ಅವರಿಗೆ ಟ್ರಿಪ್ ಬರುವುದು ಫೋನಿಗೆ, ಬಾಡಿಗೆ ಲೆಕ್ಕ ಫೋನಿನಲ್ಲಿ. ಒಳ್ಳೆಯ ಹೋಲ್ಡರ್, ಬೇಗ ಚಾರ್ಜ್ ಆಗುವ ಪಿನ್, ಇಷ್ಟೇ ಸಾಕು ಎನ್ನುತ್ತಾರೆ. ನಾವೂ ಅವರಿಗೆ ಅಷ್ಟೇ ಮಾರುತ್ತೇವೆ. ಒಂದು ಮಾತು ಮಾತ್ರ ಗಮನದಲ್ಲಿರಲಿ. ಓಡಿಸುತ್ತಾ ಫೋನ್ ಹಿಡಿದರೆ ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನಂತೆ ಅಪಾಯಕಾರಿ ಚಾಲನೆ. ದಾರಿ ನೋಡುವುದಕ್ಕೆ ಮಾತ್ರ, ಅದೂ ಚಾಲಕನ ಗಮನ ಕೆಡದ ಹಾಗೆ ಬಳಸಬಹುದು ಎಂದು 2020ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ನಿಯಮ ಹೇಳುತ್ತದೆ. ಹೋಲ್ಡರನ್ನು ಗಾಜಿನ ನಡುವೆ ಅಂಟಿಸಿ ಎಂದು ಯಾರಾದರೂ ಕೇಳಿದರೆ ನಾವು ಅಂಟಿಸುವುದಿಲ್ಲ. ಎಸಿ ಗಾಳಿ ಬರುವ ಕಿಂಡಿಯ ಹತ್ತಿರ ಹಾಕುತ್ತೇವೆ, ಬೇಸಿಗೆಯಲ್ಲಿ ಫೋನ್ ಬಿಸಿಯಾಗುವುದೂ ತಪ್ಪುತ್ತದೆ.

ಕಾರು ಕಂಪನಿಗಳೆಲ್ಲ ಫೋನಿಗೆ ಜಾಗ ಬಿಡಲು ಒಪ್ಪಿವೆಯೇ? ಇಲ್ಲ. ಅಮೆರಿಕದ ಜನರಲ್ ಮೋಟಾರ್ಸ್ 2023ರಲ್ಲಿ ತನ್ನ ಮುಂದಿನ ವಿದ್ಯುತ್ ಕಾರುಗಳಲ್ಲಿ ಕಾರ್‌ಪ್ಲೇ, ಆ್ಯಂಡ್ರಾಯ್ಡ್ ಆಟೊ ಎರಡನ್ನೂ ಕೊಡುವುದಿಲ್ಲ ಎಂದಿತು. ಬ್ಯಾಟರಿ ಎಷ್ಟಿದೆ, ಚಾರ್ಜಿಂಗಿಗೆ ಎಲ್ಲಿ ನಿಲ್ಲಬೇಕು ಎಂಬುದನ್ನು ದಾರಿಯ ಜೊತೆ ಸೇರಿಸಿ ಹೇಳಲು ಕಾರಿನದೇ ವ್ಯವಸ್ಥೆ ಬೇಕು ಎಂಬುದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ವಿದ್ಯುತ್ ಕಾರಿನ ಮಟ್ಟಿಗೆ ಆ ಕಾರಣವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅಲ್ಲಿನ ಚಾಲಕರು ಇದನ್ನು ಸುಲಭವಾಗಿ ಒಪ್ಪಿಲ್ಲ. ಅಮೆರಿಕದಲ್ಲಿ ಕಾರು ಕೊಳ್ಳುವವರಲ್ಲಿ ಶೇ. 79ರಷ್ಟು ಮಂದಿ ಕಾರ್‌ಪ್ಲೇ ಇರುವ ಗಾಡಿಯನ್ನಷ್ಟೇ ನೋಡುತ್ತಾರೆ ಎಂದು ಆ್ಯಪಲ್ 2022ರಲ್ಲಿ ಹೇಳಿಕೊಂಡಿತ್ತು. ಮಾರುವವರ ಮಾತು, ಸ್ವಲ್ಪ ಕಳೆದೇ ಲೆಕ್ಕ ಹಾಕಿ.

ಯಾವುದು ಹೆಚ್ಚು ಸುರಕ್ಷಿತ ಎಂದು ತಾಯಂದಿರು ಕೇಳುತ್ತಾರೆ, ಮಗ ಹೊಸದಾಗಿ ಲೈಸೆನ್ಸ್ ಮಾಡಿಸಿಕೊಂಡಿರುತ್ತಾನೆ. 2018ರಲ್ಲಿ ಅಮೆರಿಕದ ವಾಹನ ಸವಾರರ ಸಂಘವಾದ ಎಎಎ ಪ್ರತಿಷ್ಠಾನಕ್ಕಾಗಿ ಯೂಟಾ ವಿಶ್ವವಿದ್ಯಾಲಯದವರು ಐದು ಕಾರುಗಳಲ್ಲಿ ಪರೀಕ್ಷೆ ಮಾಡಿದ್ದರು. ಕಾರಿನ ಸ್ವಂತ ವ್ಯವಸ್ಥೆಗಿಂತ ಫೋನಿನ ವ್ಯವಸ್ಥೆಯಲ್ಲಿ ಕರೆ ಮಾಡಲು ಸರಾಸರಿ 5 ಸೆಕೆಂಡ್, ಊರಿನ ಹೆಸರು ಹಾಕಲು 15 ಸೆಕೆಂಡ್ ಉಳಿಯಿತು. ಇದನ್ನೇ ಹೇಳಿ ಮಾರಾಟ ಮಾಡುವುದು ಸುಲಭ. ಆದರೆ ಇನ್ನೊಂದನ್ನೂ ಹೇಳಲೇಬೇಕು. 2020ರಲ್ಲಿ ಬ್ರಿಟನ್ನಿನ, ಸಾರಿಗೆ ಸಂಶೋಧನೆ ಮಾಡುವ ಟಿಆರ್‌ಎಲ್ ಸಂಸ್ಥೆ ನಡೆಸಿದ ಪರೀಕ್ಷೆಯಲ್ಲಿ, ಓಡಿಸುತ್ತಾ ಪರದೆ ಮುಟ್ಟಿ ಕಾರ್‌ಪ್ಲೇ ಬಳಸಿದವರ ಪ್ರತಿಕ್ರಿಯೆಯ ಸಮಯ ಶೇ. 57ರಷ್ಟು, ಆ್ಯಂಡ್ರಾಯ್ಡ್ ಆಟೊ ಬಳಸಿದವರದು ಶೇ. 53ರಷ್ಟು ಹೆಚ್ಚಾಗಿತ್ತು. ಅಲ್ಲಿನ ಕಾನೂನು ಒಪ್ಪುವ ಮಿತಿಯಷ್ಟು ಕುಡಿದಾಗ ಆಗುವುದು ಶೇ. 12. ಬಾಯಿಮಾತಿನಲ್ಲಿ ಹೇಳಿ ಬಳಸಿದಾಗಲೂ ತಡವಾಯಿತು, ಆದರೆ ಅಷ್ಟಲ್ಲ. ಆದ್ದರಿಂದ ನಮ್ಮಲ್ಲಿ ಫೋನ್ ಜೋಡಿಸಿಕೊಂಡು ಹೋಗುವ ಪ್ರತಿಯೊಬ್ಬರನ್ನೂ ಕೇಳಿಕೊಳ್ಳುತ್ತೇನೆ: ಊರಿನ ಹೆಸರು ಹಾಕುವುದು, ಹಾಡು ಆರಿಸುವುದು ಗಾಡಿ ನಿಂತಿರುವಾಗಲೇ ಆಗಲಿ. ದಾರಿಯಲ್ಲಿ ಬೇಕಾದರೆ ಪಕ್ಕದಲ್ಲಿ ಕೂತವರು ಮಾಡಲಿ.

ಈಗ ನಮ್ಮ ಹೊಸ ಕ್ರಮಕ್ಕೆ ಬರುತ್ತೇನೆ. ಕಂಪನಿ ಟಚ್ ಸ್ಕ್ರೀನ್ ಇರುವ ಕಾರು ತಂದರೆ ಮೊದಲು ಪರೀಕ್ಷೆ. ಫೋನ್ ಜೋಡಿಸುವ ಸೌಲಭ್ಯ ಅದರಲ್ಲಿದೆಯೇ, ಇರುವ ಯುಎಸ್‌ಬಿ ಕಿಂಡಿಗಳಲ್ಲಿ ಡೇಟಾ ಹೋಗುವುದು ಯಾವುದು (ಬಹಳ ಕಾರುಗಳಲ್ಲಿ ಒಂದೇ ಇರುತ್ತದೆ, ಉಳಿದವು ಚಾರ್ಜಿಂಗಿಗೆ), ನಿಮ್ಮ ಕೇಬಲ್ ಸರಿಯಿದೆಯೇ ಎಂದು ನೋಡುತ್ತೇವೆ. ಇದಕ್ಕೆ ಶುಲ್ಕವಿಲ್ಲ. ಕೇಬಲ್ಲಿನಿಂದ ಮಾತ್ರ ಜೋಡಿಸಬಹುದಾದ ಕಾರಾದರೆ, ವೈರ್ ಇಲ್ಲದೆ ಜೋಡಿಸುವ ಡಾಂಗಲ್ ಎಂಬ ಪುಟ್ಟ ಸಾಧನ ಮಾರುತ್ತೇವೆ. ಕೇಬಲ್ಲಿನಲ್ಲೇ ಬರದ ಕಾರಿಗೆ ಡಾಂಗಲ್ ಹಾಕಿದರೂ ಬರುವುದಿಲ್ಲ, ದಯವಿಟ್ಟು ಆನ್‌ಲೈನಿನಲ್ಲಿ ನೋಡಿ ಮೋಸಹೋಗಬೇಡಿ. ವೈರ್ ಇಲ್ಲದ ಆ್ಯಂಡ್ರಾಯ್ಡ್ ಆಟೊಗೆ ಸಾಮಾನ್ಯವಾಗಿ ಆ್ಯಂಡ್ರಾಯ್ಡ್ 11 ಅಥವಾ ಅದಕ್ಕಿಂತ ಹೊಸ ಫೋನ್ ಬೇಕು.

ಬರೀ ರೇಡಿಯೋ ಸೆಟ್ ಇರುವ ಹಳೆಯ ಕಾರುಗಳ ಕೆಲಸ ಮುಂದುವರಿಯುತ್ತದೆ. ಡಬಲ್ ಡಿನ್ ಜಾಗ (ಸಾಮಾನ್ಯ ರೇಡಿಯೋ ಸೆಟ್ಟಿನ ಎರಡರಷ್ಟು ಎತ್ತರದ ಜಾಗ) ಇದ್ದರೆ, ಎರಡೂ ಬಗೆಯ ಫೋನ್ ಜೋಡಿಸುವ ಹೆಸರಾಂತ ಕಂಪನಿಯ ಸೆಟ್ ಕೂರಿಸುತ್ತೇವೆ. ಆ ಕಾರಿಗೆಂದೇ ಬರುವ ಕಪ್ಲರ್ ಸಿಕ್ಕಿದರೆ ಮಾತ್ರ. ವೈರ್ ಕತ್ತರಿಸಬೇಕಾದ ಕೆಲಸ ಒಪ್ಪಿಕೊಳ್ಳುವುದಿಲ್ಲ. ಅಗ್ಗದ ಸೆಟ್‌ಗಳಿಗಿಂತ ಇವು ದುಬಾರಿ, ಪರದೆಯೂ ಚಿಕ್ಕದು. ಆ್ಯಂಡ್ರಾಯ್ಡ್ 13 ಎಂದು ಪೆಟ್ಟಿಗೆಯ ಮೇಲೆ ಬರೆದು ಒಳಗೆ ಯಾವುದೋ ಹಳೆಯದನ್ನು ತುಂಬಿರುವ ಸೆಟ್‌ಗಳನ್ನು ನಮ್ಮ ಕೈಯಾರೆ ಬಿಚ್ಚಿ ನೋಡಿದ್ದೇವೆ, ಇನ್ನು ಅವನ್ನು ನಿಮಗೆ ಕೊಡಲು ಮನಸ್ಸು ಬರುವುದಿಲ್ಲ.

ಈಗಾಗಲೇ ನಮ್ಮಲ್ಲಿ ಅಂಥ ಸೆಟ್ ಹಾಕಿಸಿಕೊಂಡವರು ಗಾಬರಿಯಾಗಬೇಡಿ. ಚೆನ್ನಾಗಿ ನಡೆಯುತ್ತಿದ್ದರೆ ಇರಲಿ, ವಾರಂಟಿ ಮುಗಿಯುವವರೆಗೂ ನಾವು ನೋಡಿಕೊಳ್ಳುತ್ತೇವೆ. ಕಾರು ನಿಂತಾಗ ಸೆಟ್ ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ಮೀಟರ್ ಹಿಡಿದು ನೋಡಿಕೊಡುತ್ತೇವೆ, ಜಾಸ್ತಿ ಇದ್ದರೆ ಸರಿಪಡಿಸುತ್ತೇವೆ. ಹಳೆಯ ಕಂಪನಿ ಸೆಟ್ ಜೋಪಾನವಾಗಿಟ್ಟವರು ಅದನ್ನೇ ವಾಪಸ್ ಹಾಕಿಸಿಕೊಳ್ಳಬೇಕೆಂದರೆ ಕೂಲಿ ತೆಗೆದುಕೊಳ್ಳುವುದಿಲ್ಲ. ದೊಡ್ಡ ಸೆಟ್ಟಿಗೆ ಮುಂಗಡ ಕೊಟ್ಟವರ ಹಣ ಈ ತಿಂಗಳ ಒಳಗೆ ಪೂರ್ತಿ ವಾಪಸ್ ಕೊಡುತ್ತೇವೆ. ರಸೀದಿ ಕಳೆದಿದ್ದರೂ ಪರವಾಗಿಲ್ಲ, ನಮ್ಮ ಪುಸ್ತಕದಲ್ಲಿ ಹೆಸರಿದೆ.

ಕಾರು ಮಾರುವವರಿಗೆ ಒಂದು ವಿನಂತಿ. ನಿಮ್ಮ ಸೆಟ್ಟಿನೊಳಗೆ ಮನೆಯವರ ಫೋನ್ ನಂಬರ್‌ಗಳು, ಹೋಗಿಬಂದ ಊರುಗಳು ಎಲ್ಲ ಉಳಿದಿರುತ್ತವೆ. ಕೀ ಕೊಡುವ ಮೊದಲು ಅದನ್ನು ಅಳಿಸಿಸಿಕೊಳ್ಳಿ. ನಿಮಗೆ ಬಾರದಿದ್ದರೆ ಅಂಗಡಿಗೆ ತನ್ನಿ.

ಪರೀಕ್ಷೆಗೆ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ ಬಂದರೆ ಕಾಯುವುದು ತಪ್ಪುತ್ತದೆ, ಭಾನುವಾರ ರಜೆ. ಬರುವಾಗ ಕಾರಿನಲ್ಲಿ ಯಾವಾಗಲೂ ಬಳಸುವ ಫೋನನ್ನೂ, ಮನೆಯಲ್ಲಿರುವ ಕೇಬಲ್‌ಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಯೂ ತನ್ನಿ.

ನಿಮ್ಮ ವಿಶ್ವಾಸಿಗಳು,
ಅಂಗಡಿಯ ಮಾಲೀಕರು ಮತ್ತು ಕೆಲಸಗಾರರು
ಶಿವಮೊಗ್ಗ