ಬಲ್ಮಠದ ಗೇಟಿನ ಅಣ್ಣನಿಗೆ

ಅಂತೂ ಮುಗೀತು. ಐದು ವರ್ಷದ ಬಿ.ಡಿ., ಅಂದರೆ ಕ್ರೈಸ್ತ ದೇವಶಾಸ್ತ್ರದ ಪದವಿ, ಪಾಸಾಗಿದೆ, ಗ್ರೀಕ್ ಸೇರಿ. (ಗ್ರೀಕ್ ಎರಡನೇ ಸಲಕ್ಕೆ. ಗೊತ್ತಿರುವವರು ನಗಬೇಡಿ.) ಮುಂದಿನ ತಿಂಗಳು ಯಾದಗಿರಿ ಕಡೆಯ ಒಂದು ಹಳ್ಳಿಗೆ ಮಿಶನ್ ಕೆಲಸಕ್ಕೆ ಹೊರಟಿದ್ದೇನೆ. ಟ್ರಂಕಿಗೆ ಬೀಗ ಹಾಕುವ ಮೊದಲು ಋಣ ಇರುವವರಿಗೆಲ್ಲ ಒಂದು ಮಾತು ಹೇಳಬೇಕು.

ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ನನ್ನ ಗುರುಗಳಿಗೆ, ನನ್ನ ಫೀಸಿಗೆಂದು ರೊಟ್ಟಿ, ಶೇಂಗಾ ಚಟ್ನಿಪುಡಿ ಮಾರಿ ದುಡ್ಡು ಕೂಡಿಸಿದ ಬೆಟಗೇರಿ ಚರ್ಚಿನ ಸಭೆಯ ಅಕ್ಕಂದಿರಿಗೆ, ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿಯದ ದಿನ ಎರಡು ಚಪಾತಿ ಎತ್ತಿಟ್ಟ ಮೆಸ್ಸಿನವರಿಗೆ, ರೂಮಿನ ಗೆಳೆಯರಿಗೆ, ಎಲ್ಲರಿಗೂ ವಂದನೆ. ಒಂದೇ ಸಾಲಿನಲ್ಲಿ ಮುಗಿಸಿದ ಅಂತ ಬೇಜಾರು ಮಾಡ್ಕೋಬೇಡಿ. ಉಳಿದ ಜಾಗವೆಲ್ಲ ಒಬ್ಬರಿಗೇ ಬೇಕು.

ನಮ್ಮ ಗೇಟಿನಲ್ಲಿ ರಾತ್ರಿ ಪಾಳಿ ಮಾಡುವ ಅಣ್ಣ. "ನನ್ನ ಹೆಸರು ಎಲ್ಲ ಹಾಕ್ಬೇಡ ಮಾರಾಯ" ಅಂದಿದ್ದಾರೆ. ಹಾಕುವುದಿಲ್ಲ.

ಅವರ ಪರಿಚಯವಾದದ್ದು ಗ್ರೀಕಿನಿಂದ. ಬಾಸೆಲ್ ಮಿಶನ್ನಿನವರು 1834ರಲ್ಲಿ ಬಂದಿಳಿದ ಊರು ಇದು, ಕಿಟ್ಟೆಲ್ ನಿಘಂಟು 1894ರಲ್ಲಿ ಅಚ್ಚಾದ ಊರು. ಎಲ್ಲಿಂದಲೋ ಬಂದ ಜರ್ಮನಿಯವರು ನಮ್ಮ ಕನ್ನಡ ಕಲಿತು ನಿಘಂಟೇ ಬರೆದರು. ನನಗೆ ಗ್ರೀಕಿನ ಒಂದು ಕ್ರಿಯಾಪದ ಬಾಯಿಗೆ ಹತ್ತಲಿಲ್ಲ. ರೂಮಿನವರ ನಿದ್ದೆ ಕೆಡಿಸುವುದು ಬೇಡ ಅಂತ ಗೇಟಿನ ದೀಪದ ಕೆಳಗೆ ಕೂತು "ಲುಓ, ಲುಎಯ್ಸ್, ಲುಎಯ್" ಅಂತ ಉರು ಹೊಡೆಯುತ್ತಿದ್ದೆ. ಒಂದು ವಾರ ಕೇಳಿ ಅಣ್ಣ ವಿಚಾರಿಸಿದರು, "ಇದೆಂತ ಮಂತ್ರವಾ?"

ಮೂರನೇ ವರ್ಷದ ಆಗಸ್ಟಿನಲ್ಲಿ ರಾತ್ರಿ ಹನ್ನೊಂದೂವರೆಗೆ ಊರಿನಿಂದ ಫೋನು ಬಂತು. ಅಪ್ಪ ಹೋಗಿಬಿಟ್ಟರು ಅಂತ. ಹುಬ್ಬಳ್ಳಿಯ ಕೊನೇ ಬಸ್ಸು ಹೋಗಿಯಾಗಿತ್ತು. ಮಳೆ ಅಂದರೆ ಮಳೆ. ನಾನು ಬರಿಗಾಲಲ್ಲಿ ಗೇಟಿನ ಹತ್ತಿರ ಬಂದು ನಿಂತಿದ್ದೆನಂತೆ, ನನಗೆ ನೆನಪಿಲ್ಲ. ಅಣ್ಣ ಒಂದೆರಡು ಕಡೆ ಫೋನು ಮಾಡಿದರು. ಮೀನುಗಾರಿಕೆಯ ರಜೆ ಮುಗಿದು ಬೋಟುಗಳು ಆಗಷ್ಟೇ ಕಡಲಿಗಿಳಿದಿದ್ದವು. ಅವರ ಭಾವ ಹುಬ್ಬಳ್ಳಿಗೆ ಮೀನಿನ ಲಾರಿ ಓಡಿಸುವವರು. ನನ್ನ ರೂಮ್‌ಮೇಟನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ, ತಮ್ಮ ರೇನ್‌ಕೋಟು ನನಗೆ ಹಾಕಿ, ಸ್ಕೂಟರಿನಲ್ಲಿ ಬೋಟುಗಳು ನಿಲ್ಲುವ ದಕ್ಕೆಗೆ ಕರೆದುಕೊಂಡು ಹೋದರು.

ಲಾರಿ ಲೋಡಾಗಲು ಎರಡು ಗಂಟೆ ಹಿಡಿಯಿತು. ಶೀಟಿನ ಮಾಡಿನ ಕೆಳಗೆ ಕೂತೆವು. ಅವರು ಪೂರ್ತಿ ನೆನೆದಿದ್ದರು. "ಅಪ್ಪನಿಗೆ ಎಂತ ಕೆಲಸ?" ಅಂದರು. ನೇಕಾರ ಅಂದೆ. ಮಗ್ಗದ ಬಗ್ಗೆ ಕೇಳಿದರು. ಲಾಳಿ ಹೇಗೆ ಓಡುತ್ತದೆ, ಒಂದು ಸೀರೆಗೆ ಎಷ್ಟು ದಿನ, ಅಪ್ಪ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಎಷ್ಟು ಹೊತ್ತಿಗೆ ಏಳುತ್ತಿದ್ದರು. ಹೇಳುತ್ತಾ ಹೋದೆ. ಹೊರಡುವಾಗ ಜೇಬಿಗೆ 500 ರೂಪಾಯಿ ತುರುಕಿದರು. ಅದು ಅತ್ತಿಗೆ ಬೀಡಿ ಕಟ್ಟಿದ ದುಡ್ಡು ಅಂತ ಎಷ್ಟೋ ದಿನದ ಮೇಲೆ ಗೊತ್ತಾಯಿತು. ವಾಪಸ್ ಕೊಡಲು ಹೋದರೆ ಇವತ್ತಿಗೂ ತಗೊಳ್ಳುವುದಿಲ್ಲ.

ಮಣ್ಣಿಗೆ ಮುಂಚೆ ಮುಟ್ಟಿದೆ. ಅಪ್ಪನ ಮುಖ ನೋಡಿದೆ. ಅಂಗಿಯೆಲ್ಲ ಬಂಗುಡೆ ವಾಸನೆ. (ಯೇಸುವಿನ ಶಿಷ್ಯರೂ ಬೆಸ್ತರೇ ಅಂತ ಗೆಳೆಯರು ಆಮೇಲೆ ಸಾಕಷ್ಟು ತಮಾಷೆ ಮಾಡಿದ್ದಾರೆ. ನೀವು ಶುರು ಮಾಡಬೇಡಿ.)

ವಾಪಸ್ ಬಂದ ಮೇಲೆ ಮೂರು ತಿಂಗಳು ನನಗೆ ಪ್ರಾರ್ಥನೆ ಬರಲಿಲ್ಲ. ಬಾಯಿ ಆಡುತ್ತಿತ್ತು ಅಷ್ಟೇ. "ಅವನಿಗೆ ಪರೀಕ್ಷೆ ಇದೆ, ಹೇಳಬೇಡಿ" ಅಂದ ಅಪ್ಪನ ಮೇಲೆ ಸಿಟ್ಟು. ದೇವರ ಮೇಲೂ ಸಿಟ್ಟು. ಸುವಾರ್ತೆ ಸಾರಲು ಹೊರಟವನು ಇದನ್ನು ಯಾರ ಹತ್ತಿರ ಹೇಳಿಕೊಳ್ಳಬೇಕು? ಪ್ರಸಂಗದ ಸರದಿ ಬಂದ ದಿನ ಬೈಬಲಿನ ವಚನ ಓದಿ ಸುಮ್ನೆ ನಿಂತುಬಿಟ್ಟೆ. ಒಂದು ಮಾತೂ ಬರಲಿಲ್ಲ. ಆ ವರ್ಷವೇ ಗ್ರೀಕ್ ಹೋಯಿತು. ರಾತ್ರಿ ನಿದ್ದೆ ಬಾರದೆ ಗೇಟಿಗೆ ಹೋಗಿ ಕೂರುತ್ತಿದ್ದೆ. ಅಣ್ಣ ಸಮಾಧಾನ ಗಿಮಾಧಾನ ಏನೂ ಹೇಳುತ್ತಿರಲಿಲ್ಲ. "ಆ ಲುಓ ಹೇಳು ಮಾರಾಯ, ಇಲ್ಲದಿದ್ರೆ ನಂಗೆ ನಿದ್ದೆ ಬರ್ತದೆ" ಅನ್ನುತ್ತಿದ್ದರು. ಹೇಳುತ್ತಿದ್ದೆ. ಹಾಗೇ ಒಂದೊಂದೇ ಪಾಠ ಬಾಯಿಗೆ ಬಂತು. ಪ್ರಾರ್ಥನೆಯೂ ಯಾವಾಗಲೋ ಬಂತು. ಯಾವತ್ತು ಅಂತ ಹೇಳಲಾರೆ.

ಇನ್ನೊಂದು ಬಾಕಿ ಇದೆ. ಮೊದಲ ವರ್ಷ ನಾನೊಂದು ಪ್ರಾರ್ಥನೆಯ ಪಟ್ಟಿ ಮಾಡಿದ್ದೆ, ಯಾರು ಯಾರು ಕ್ರಿಸ್ತನನ್ನು ಅರಿಯಬೇಕು ಅಂತ. ಅದರಲ್ಲಿ ಅಣ್ಣನದು ನಾಲ್ಕನೇ ಹೆಸರು. ಅವರ ಮನೆಯಲ್ಲಿ ಎಷ್ಟು ಮಕ್ಕಳು ಅಂತಲೂ ಆಗ ನನಗೆ ಗೊತ್ತಿರಲಿಲ್ಲ. ಐದು ವರ್ಷ ಅದನ್ನು ಬಚ್ಚಿಟ್ಟುಕೊಂಡಿದ್ದೆ. ಮೊನ್ನೆ ವಿದಾಯ ಹೇಳಲು ಹೋದಾಗ ತಡೆಯಲಾಗದೆ ಹೇಳಿಬಿಟ್ಟೆ. ಬೇಜಾರಾಗ್ತಾರೆ ಅಂದುಕೊಂಡಿದ್ದೆ.

ಅವರು ಜೋರಾಗಿ ನಕ್ಕರು. "ಮೊದಲ ಸಲ ನೀನು ನಿನ್ನಷ್ಟಕ್ಕೇ ಬರೆದದ್ದು, ಫೇಲಾದಿ. ಎರಡನೇ ಸಲ ನಾನು ನಮ್ಮ ದೈವಕ್ಕೆ ಹರಕೆ ಹೇಳಿದ್ದೆ ಮಾರಾಯ, ಈ ಹುಡುಗನಿಗೆ ಗ್ರೀಕ್ ಪಾಸಾಗ್ಲಿ ಅಂತ."

ಹರಕೆ ತೀರಿಸಬೇಕಲ್ವಾ ಹಾಗಾದರೆ, ನಾನೇ ದುಡ್ಡು ಕೊಡ್ತೇನೆ ಅಂದೆ.

"ಅದೆಲ್ಲ ಆಯ್ತು. ಕೋಲದ ದಿನ ಒಂದು ಅಟ್ಟೆ ಮಲ್ಲಿಗೆ ಕೊಟ್ಟು ಬಂದಿದ್ದೇನೆ. ಎಷ್ಟಾಯ್ತು ಅಂತ ಮಾತ್ರ ಕೇಳ್ಬೇಡ. ಅವತ್ತು ರೇಟು ಸ್ವಲ್ಪ ಜಾಸ್ತಿ ಇತ್ತು."